ಪಶ್ಚಿಮ ಘಟ್ಟ ಇನ್ನೂ ಏಳುತ್ತಿದೆಯಾ, ಬರೀ ಸವೆಯುತ್ತಿದೆಯಾ? ನಮ್ಮ ಪ್ರೊಫೆಸರ್ ಕೊಟ್ಟ ಪ್ರಶ್ನೆ

ಹೊಳೆಸಾಲು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಊರು ಸಿದ್ದಾಪುರದ ಹತ್ತಿರ. ಈ ಸೆಮಿಸ್ಟರಿನಲ್ಲಿ ಟೆಕ್ಟಾನಿಕ್ಸ್ (ನೆಲದ ಚಲನೆ) ಮತ್ತು ಭೂರೂಪಗಳ ಬಗ್ಗೆ ಒಂದು ಪೇಪರ್ ಇದೆ. ಅದನ್ನು ತೆಗೆದುಕೊಳ್ಳುವ ಪ್ರೊಫೆಸರ್ ಮೊದಲ ದಿನ ಬೋರ್ಡ್ ಮೇಲೆ ಏನೂ ಬರೆಯಲಿಲ್ಲ. ಶರಾವತಿಯ ಟೋಪೋಶೀಟುಗಳನ್ನು, ಅಂದರೆ ನೆಲದ ಎತ್ತರ ತಗ್ಗು ತೋರಿಸುವ ನಕ್ಷೆಗಳನ್ನು, ಮೇಜಿನ ಮೇಲೆ ಹಾಸಿದರು. ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಹೊಳೆಯನ್ನು ದಾಟುವ ಜಾಗಗಳನ್ನೆಲ್ಲ ಗುರುತು ಮಾಡಿ, ಹುಟ್ಟುವಲ್ಲಿಂದ ಸಮುದ್ರದವರೆಗೆ ಹೊಳೆಯ ಎತ್ತರದ ಗ್ರಾಫ್ ಬಿಡಿಸಿ ಅಂದರು. ಬಿಡಿಸಿದೆವು. ಮೇಲೆ ಹೊಳೆ ಹೆಚ್ಚುಕಮ್ಮಿ ಚಪ್ಪಟೆ. ಜೋಗದಲ್ಲಿ ಒಮ್ಮೆಗೇ 253 ಮೀಟರ್ ಕೆಳಗೆ. ಆಮೇಲೆ ಕಣಿವೆ. ಗೇರುಸೊಪ್ಪೆ ದಾಟಿದ ಮೇಲೆ ಮತ್ತೆ ಚಪ್ಪಟೆ. "ಈ ಮೆಟ್ಟಿಲು ಇಲ್ಲಿ ಯಾಕಿದೆ? ಸೆಮಿಸ್ಟರ್ ಮುಗಿಯುವುದರೊಳಗೆ ಹೇಳಿ" ಅಂದರು. ಅವತ್ತಿನ ಪಾಠ ಅಷ್ಟೇ.

ಹತ್ತು ವಾರ ಆಯಿತು, ಇನ್ನೂ ತಲೆಯಲ್ಲಿ ಅದೇ ಓಡುತ್ತಿದೆ. ನೆಲ ಎದ್ದು ಈ ಮೆಟ್ಟಿಲು ಆಯಿತಾ, ಬರೀ ಸವೆತದಿಂದ ಆಯಿತಾ? ಓದಿದಷ್ಟೂ ಗೊಂದಲ ಜಾಸ್ತಿ. ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಅವರು 1993ರ ಲೇಖನದಲ್ಲಿ, ದಕ್ಷಿಣ ಭಾರತ ನಿಯೋಜೀನ್ ಕಾಲದಲ್ಲಿ, ಅಂದರೆ ಕಳೆದ 2.3 ಕೋಟಿ ವರ್ಷಗಳ ಈಚೆಗೆ, ಮತ್ತೆ ಮೇಲೆದ್ದಿತು ಅನ್ನುತ್ತಾರೆ. ಕೆ.ಎಸ್. ವಲ್ದಿಯಾ ಅವರು 2001ರಲ್ಲಿ ನಡು ಸಹ್ಯಾದ್ರಿಯ ಹೊಳೆಗಳ ಬಗ್ಗೆ ಬರೆದು, ಇಲ್ಲಿ ನೆಲದ ಚಲನೆ ಇನ್ನೂ ನಿಂತಿಲ್ಲ ಅಂದರು. ಯಾನಿ ಗುನೆಲ್ ಮತ್ತವರ ಜೊತೆಗಾರರು ಬರೆದದ್ದನ್ನು ಓದಿದರೆ ಘಟ್ಟದ ಅಂಚು ಬಹಳ ಹಳೆಯದು, ದೊಡ್ಡ ಕೆಲಸ ಮಾಡಿದ್ದು ಸವೆತ ಅನ್ನಿಸುತ್ತದೆ. ಪ್ರಾಜೆಕ್ಟ್ ಇದರ ಮೇಲೆಯೇ ಮಾಡಬೇಕೆಂದಿದ್ದೇನೆ. ಯಾರನ್ನು ನಂಬಿ ಶುರು ಮಾಡಲಿ? ಅಪ್ಪ ಬೇರೆ, "ಇದರಿಂದ ಏನು ಉಪಯೋಗ ಮಗಾ?" ಅಂತ ಕೇಳುತ್ತಿದ್ದಾರೆ.

ಬಯಲುಸೀಮೆ

ಜೋಗ ಇರುವುದಕ್ಕೆ ಕಾರಣ ಗಟ್ಟಿ ಕಲ್ಲು. ಇದರಲ್ಲಿ ಜಗಳ ಏನಿದೆ?

ಗೋಕಾಕ ಗೆಳೆಯ

@ಬಯಲುಸೀಮೆ ನಮ್ಮ ಗೋಕಾಕಕ್ಕೆ ಆ ಮಾತು ಸರಿ ಹೊಂದುತ್ತದೆ ನೋಡ್ರಿ. ಘಟಪ್ರಭಾ ಅಲ್ಲಿ ಮರಳುಗಲ್ಲಿನ ಗಟ್ಟಿ ಪದರದ ಮೇಲಿಂದ 52 ಮೀಟರ್ ಬೀಳುತ್ತದೆ. ಸುತ್ತ ಎಲ್ಲಿ ನೋಡಿದರೂ ಬಯಲು. ಅಲ್ಲಿ ಘಟ್ಟವೂ ಇಲ್ಲ, ಅಂಚೂ ಇಲ್ಲ. ಆದರೆ ಶರಾವತಿ, ಅಘನಾಶಿನಿ, ಕಾಳಿ, ಬೇಡ್ತಿ ಎಲ್ಲವೂ ಒಂದೇ ಸಾಲಿನಲ್ಲಿ ಕೆಳಗೆ ಇಳಿಯುತ್ತವಲ್ಲ, ಎಲ್ಲ ಕಡೆಯೂ ಗಟ್ಟಿ ಕಲ್ಲೇ ಸಿಕ್ಕಿತೇ?

ಕಲ್ಲು ಸುತ್ತಿಗೆ

ಗೋಕಾಕದವರು ಕೇಳಿದ್ದು ಒಳ್ಳೆಯ ಪ್ರಶ್ನೆ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದವನು, ಈಗ ನಿವೃತ್ತ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ತಪ್ಪು ಕಲ್ಪನೆ ತೆಗೆಯೋಣ. ಪಶ್ಚಿಮ ಘಟ್ಟ ಹಿಮಾಲಯದ ಹಾಗೆ ಮಡಚಿಕೊಂಡು ಎದ್ದ ಪರ್ವತ ಅಲ್ಲ. ಅದು ಪ್ರಸ್ಥಭೂಮಿಯ ಮುರಿದ ಅಂಚು. ಶಿರಸಿಯಿಂದ ಹಾವೇರಿ ಕಡೆಗೆ ಹೋಗಿ, ಬೆಟ್ಟ ಇಳಿದ ಹಾಗೆ ಅನ್ನಿಸುವುದೇ ಇಲ್ಲ. ಶಿರಸಿಯಿಂದ ದೇವಿಮನೆ ಘಟ್ಟದಲ್ಲಿ ಕುಮಟಾಕ್ಕೆ ಇಳಿಯಿರಿ, ಕಿವಿ ಮುಚ್ಚಿಕೊಳ್ಳುತ್ತದೆ. ಒಂದು ಕಡೆ ಮಾತ್ರ ಇಳಿಜಾರು. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟಿತು. ನೆಲ ಸೀಳಿದಾಗ ಸೀಳಿನ ಎರಡೂ ದಂಡೆ ಎತ್ತರವಾಗುತ್ತವೆ. ಮಡಗಾಸ್ಕರಿನ ಪೂರ್ವ ಕರಾವಳಿಯಲ್ಲೂ ಇಂಥದೇ ಒಂದು ಉದ್ದ ಅಂಚು ಇದೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಕಂಬ ಕಂಬವಾಗಿ ನಿಂತ ಕಲ್ಲಿನ ಪಕ್ಕ ಫೋಟೋ ತೆಗೆಸಿಕೊಳ್ಳುತ್ತೀರಲ್ಲ, ಆ ಲಾವಾ ಆ ಕಾಲದ್ದೇ.

ದಂಡೆ ಎತ್ತರವಾದ್ದರಿಂದ ನೀರು ಪೂರ್ವಕ್ಕೆ ಹರಿಯಿತು. ಕಾವೇರಿ ಹುಟ್ಟುವುದು ಅರಬ್ಬೀ ಸಮುದ್ರದ ಮಗ್ಗುಲಲ್ಲೇ. ಆದರೂ ಸುಮಾರು 800 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. ಪಶ್ಚಿಮಕ್ಕೆ ಇಳಿಯುವ ಗಿಡ್ಡ ಹೊಳೆಗಳು ಮಾತ್ರ ಅಂಚನ್ನು ಕೊರೆಯುತ್ತಾ ಒಳಗೆ ಬಂದವು. ಜೋಗದ ಮೆಟ್ಟಿಲನ್ನು ಈ ಹಿನ್ನೆಲೆ ಇಟ್ಟುಕೊಂಡು ನೋಡಬೇಕು.

ಇನ್ನು "ಏಳುತ್ತಿದೆ" ಅನ್ನುವ ಪದ. ಕಲ್ಲು ಮೇಲೆ ಬರುವುದು ಬೇರೆ, ಬೆಟ್ಟದ ನೆತ್ತಿ ಎತ್ತರವಾಗುವುದು ಬೇರೆ. ದೋಣಿಯಿಂದ ಮೂಟೆ ಇಳಿಸಿದರೆ ದೋಣಿ ನೀರಿನಿಂದ ಮೇಲೆ ಬರುತ್ತದಲ್ಲ? ಹಾಗೆ ಮಣ್ಣು ಕಲ್ಲು ಸವೆದು ಸಮುದ್ರಕ್ಕೆ ಹೋದಷ್ಟೂ ಉಳಿದ ನೆಲ ಹಗುರಾಗಿ ಮೇಲೆ ಬರುತ್ತದೆ. ಮೇಲಿನಿಂದ ಸವೆತ, ಕೆಳಗಿನಿಂದ ಏರಿಕೆ. ನಿಮ್ಮ ಪ್ರೊಫೆಸರನ್ನು ಕೇಳಿ, ಅವರು ಯಾವ ಏಳುವಿಕೆಯ ಮಾತಾಡುತ್ತಿದ್ದಾರೆ ಅಂತ.

ಸಿವಿಲ್ ಶಿವು

ಮಹಾರಾಷ್ಟ್ರದ ಕೊಯ್ನಾ ಭೂಕಂಪ ಮರೆತಿರಾ? ಘಟ್ಟದ ಸಾಲಿನಲ್ಲೇ ಆಗಿದ್ದು. ನೆಲ ಏಳುತ್ತಿರುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ?

ಪಾಟ್ಸ್‌ಡಾಮ್ ಕನ್ನಡಿಗ

@ಸಿವಿಲ್ ಶಿವು ಅದು ಸಾಕ್ಷಿ ಆಗುವುದಿಲ್ಲ ಸರ್. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪದಲ್ಲಿ ಫಾಲ್ಟಿನ, ಅಂದರೆ ನೆಲದೊಳಗಿನ ಬಿರುಕಿನ, ಎರಡು ಬದಿಗಳು ಮುಖ್ಯವಾಗಿ ಅಡ್ಡಡ್ಡ ಜಾರಿದವು, ಒಂದು ಮೇಲೆ ಒಂದು ಕೆಳಗೆ ಹೋಗಲಿಲ್ಲ. ಅದೂ ಅಲ್ಲದೆ ಅಣೆಕಟ್ಟೆಯಲ್ಲಿ ನಿಂತ ನೀರಿನ ಭಾರ ಮತ್ತು ಒಳಗೆ ಇಳಿದ ನೀರಿನ ಒತ್ತಡ, ಮೊದಲೇ ಬಿಗಿದುಕೊಂಡಿದ್ದ ಫಾಲ್ಟನ್ನು ಜಾರಿಸಿತು ಅಂತಲೇ ಎಲ್ಲರೂ ಒಪ್ಪುತ್ತಾರೆ. ನೆಲದೊಳಗೆ ಒತ್ತಡ ಇದೆ ಅನ್ನುವುದಕ್ಕೆ ಕೊಯ್ನಾ, 1993ರ ಕಿಲ್ಲಾರಿ ಭೂಕಂಪ ಎರಡೂ ಸಾಕ್ಷಿ. ಭಾರತ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿದು ಟಿಬೆಟನ್ನು ತಳ್ಳುತ್ತಿದೆ, ಒತ್ತಡ ಇಲ್ಲದೆ ಇರುತ್ತದಾ? ಆದರೆ ಒತ್ತಡ ಇದೆ ಅಂದ ಮಾತ್ರಕ್ಕೆ ಘಟ್ಟದ ಅಂಚು ಎತ್ತರವಾಗುತ್ತಿದೆ ಅಂತ ಅಲ್ಲ.

ಸಿವಿಲ್ ಶಿವು

ಅಡ್ಡ ಜಾರಿದ್ದು ಗೊತ್ತಿರಲಿಲ್ಲ. ಒಪ್ಪಿದೆ. ಆದರೆ ವಲ್ದಿಯಾ ಅಂಥವರು ಸುಮ್ನೆ ಬರೆಯುತ್ತಾರಾ? ಆಯುಷ್ಯವೆಲ್ಲ ಹಿಮಾಲಯ ನಡೆದವರು ಅವರು.

ಕಲ್ಲು ಸುತ್ತಿಗೆ

ಸುಮ್ನೆ ಬರೆಯುವವರಲ್ಲ. ಅವರ ಬಗ್ಗೆ ಇಲ್ಲಿನ ಹುಡುಗರಿಗೆ ಒಂದೆರಡು ಮಾತು ಹೇಳಲೇಬೇಕು. 1937ರಲ್ಲಿ ಬರ್ಮಾದಲ್ಲಿ ಹುಟ್ಟಿದರು. ಕುಟುಂಬ ಆಮೇಲೆ ಪಿಥೋರಾಗಢಕ್ಕೆ ಬಂತು. ಚಿಕ್ಕಂದಿನಲ್ಲೇ ಕಿವಿ ಕೇಳಿಸುವುದು ಬಹಳ ಕಡಿಮೆಯಾಗಿತ್ತು. ಆದರೂ ಕುಮಾವೂಂ ಹಿಮಾಲಯವನ್ನು ಕಾಲ್ನಡಿಗೆಯಲ್ಲಿ ಅಳೆದು ನಕ್ಷೆ ಮಾಡಿದರು, ನೈನಿತಾಲಿನ ವಿಶ್ವವಿದ್ಯಾಲಯದಲ್ಲಿ ಕಲಿಸಿದರು, ಕುಲಪತಿಯೂ ಆದರು. ಆಮೇಲೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರಕ್ಕೆ ಬಂದರು. ಆ ವಯಸ್ಸಿನಲ್ಲಿ ಬೇರೆಯವರಾಗಿದ್ದರೆ ಹಳೆಯ ನೋಟ್ಸ್ ಇಟ್ಟುಕೊಂಡು ಕೂರುತ್ತಿದ್ದರು. ಅವರು ಮೈಸೂರು ಪ್ರಸ್ಥಭೂಮಿಯನ್ನು ಹೊಸದಾಗಿ ಓದತೊಡಗಿದರು. ಹಿಂದಿಯಲ್ಲಿ ಸಾಮಾನ್ಯ ಜನರಿಗಾಗಿಯೂ ಬರೆದರು. 2020ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಇಲ್ಲಿ ಅವರು ನೋಡಿದ್ದು ಏನು? ಹಳೆಯ ಗಟ್ಟಿ ನೆಲದ ಮೇಲೆ ಹರಿಯುವ ಹೊಳೆ ಮುದಿಯಾಗಿ, ಸಮನಾಗಿ ಇಳಿಯಬೇಕು. ಆದರೆ ಕಾವೇರಿ, ಕಬಿನಿ, ಶಿಂಷಾ ಕೆಲವು ಕಡೆ ನಿಂತ ನೀರಿನ ಹಾಗೆ ಮಂದವಾಗಿ ಅಂಕುಡೊಂಕಾಗಿ ಹರಿಯುತ್ತವೆ. ಸ್ವಲ್ಪ ಮುಂದೆ ಹೋದರೆ ಆಳವಾದ ಕೊರಕಲು, ಶಿವನಸಮುದ್ರದಂಥ ಧುಮುಕು. ಮಂದವಾದ ಕಡೆ ದಪ್ಪ ಕರಿಮಣ್ಣು ಕೂತಿದೆ, ಹಿಂದೆ ಅಲ್ಲಿ ಕೆರೆಗಳಂತೆ ನೀರು ನಿಂತಿದ್ದ ಗುರುತು. ಕೆಳಗಡೆ ಫಾಲ್ಟ್ ಜಾರಿ ನೆಲ ಸ್ವಲ್ಪ ಎದ್ದು ಹೊಳೆಗೆ ಒಡ್ಡು ಹಾಕಿತು ಅನ್ನುವುದು ಅವರ ಓದು. ಇದು ಬರೀ ಊಹೆ ಅಲ್ಲ, ಆ ಮಣ್ಣನ್ನು ನೀವೂ ಹೋಗಿ ಮುಟ್ಟಿ ನೋಡಬಹುದು.

ಬಯಲುಸೀಮೆ

ಮಣ್ಣು ಕೂತಿದೆ, ಸರಿ. ಆದರೆ ಹಳೆಯ ಫಾಲ್ಟಿನಲ್ಲಿ ಕಲ್ಲು ಪುಡಿಯಾಗಿರುತ್ತದೆ. ಹೊಳೆ ಮೆತ್ತನೆಯ ಜಾಗ ಹುಡುಕಿಕೊಂಡು ಅಲ್ಲೇ ಹರಿಯುತ್ತದೆ. ಹೊಳೆ ನೇರವಾಗಿ ಹೋಗಿ ಥಟ್ಟನೆ ತಿರುಗಿದರೆ ಫಾಲ್ಟ್ ಈಗ ಜೀವಂತ ಅಂತ ಹೇಗೆ ಹೇಳುತ್ತೀರಿ? 250 ಕೋಟಿ ವರ್ಷದ ಹಿಂದಿನ ಬಿರುಕೂ ಹೊಳೆಯನ್ನು ತಿರುಗಿಸುತ್ತದೆ.

ಕಲ್ಲು ಸುತ್ತಿಗೆ

ಅದು ಗಟ್ಟಿ ಆಕ್ಷೇಪ. ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಎಳೆಯ ಮಣ್ಣಿನ ಪದರವನ್ನು ಫಾಲ್ಟ್ ಕತ್ತರಿಸಿದ್ದು ಕಂಡರೆ ಮಾತ್ರ ಜೀವಂತ ಅನ್ನಬಹುದು.

ಮಡಿಕೇರಿ ಮಳೆ

ನೀವೆಲ್ಲ ಕೋಟಿ ವರ್ಷದ ಲೆಕ್ಕ ಹಾಕುತ್ತಿದ್ದೀರಿ. 2018ರ ಆಗಸ್ಟಿನಲ್ಲಿ ನಮ್ಮ ತೋಟದ ಮೂಲೆ ಕಾಫಿ ಗಿಡದ ಸಮೇತ ಹೊಳೆಗೆ ಹೋಯಿತು. ಹತ್ತು ನಿಮಿಷದಲ್ಲಿ. ಅದಕ್ಕೆ ಎರಡು ವರ್ಷ ಮೊದಲು ರಸ್ತೆ ಅಗಲ ಮಾಡುವವರು ದರೆಯನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದಿದ್ದರು. ಬೇಡ ಅಂದರೂ ಕೇಳಲಿಲ್ಲ. @ಹೊಳೆಸಾಲು ತಂಗಿ, ನಿಮ್ಮ ಅಪ್ಪ ಕೇಳಿದ ಪ್ರಶ್ನೆಯೇ ನನ್ನದೂ. ಈ ಓದಿನಿಂದ ಯಾವ ದರೆ ಜಾರುತ್ತದೆ ಅಂತ ಹೇಳಲಾಗುತ್ತದಾ?

ಹೊಳೆಸಾಲು

ಅಣ್ಣ, ಓದಿ ಬೇಜಾರಾಯಿತು. ಯಾವ ದಿನ ಅಂತ ಹೇಳಲು ಆಗುವುದಿಲ್ಲ. ಯಾವ ಜಾಗ ಅಂತ ಸುಮಾರಾಗಿ ಹೇಳಬಹುದು. ಪ್ರೊಫೆಸರ್ ನಮಗೆ ಕಲಿಸಿದ್ದು ಹೀಗೆ: ಎರಡು ದಿಣ್ಣೆಗಳ ನಡುವೆ ಬಟ್ಟಲಿನ ಹಾಗೆ ಒಳಬಾಗಿದ ಇಳಿಜಾರು ನೋಡಿ. ಮೇಲಿನ ಮಣ್ಣು ಅಲ್ಲಿಗೇ ಬಂದು ಕೂರುತ್ತದೆ, ಮಳೆ ನೀರೂ ಅಲ್ಲಿಗೇ ಸೇರುತ್ತದೆ. ನೂರಾರು ವರ್ಷ ತುಂಬಿಕೊಂಡು ಒಂದು ದೊಡ್ಡ ಮಳೆಗೆ ಖಾಲಿಯಾಗುತ್ತದೆ. ಅಂಥ ಬಟ್ಟಲಿನ ಬುಡ ಕಡಿದರೆ ಆಧಾರವೇ ಹೋಯಿತು. ನಮ್ಮ ಕಡೆ 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿ ಹೊಳೆಗೆ ಜಾರಿತಲ್ಲ, ಆಮೇಲೆ ನಮ್ಮನ್ನು ನಕ್ಷೆ ಹಿಡಿಸಿ ಕೂರಿಸಿ ಅಂಥ ಬಟ್ಟಲುಗಳನ್ನೇ ಗುರುತು ಮಾಡಿಸಿದರು. ಎರಡು ವಾರ ಬೇರೆ ಪಾಠವೇ ನಡೆಯಲಿಲ್ಲ.

ಮಡಿಕೇರಿ ಮಳೆ

ನಮ್ಮದು ಅಂಥದೇ ಬಟ್ಟಲು. ಮನೆ ಪಕ್ಕ ಇನ್ನೊಂದು ಇದೆ. ಈಗ ನೋಡಿಕೊಂಡು ಬಂದೆ.

ಕಲ್ಲು ಸುತ್ತಿಗೆ

@ಮಡಿಕೇರಿ ಮಳೆ ಆ ಬಟ್ಟಲಿನ ಮೇಲ್ಗಡೆ ನೆಲದಲ್ಲಿ ಬಿರುಕು ಇದೆಯಾ, ಮರಗಳು ಬಾಗಿವೆಯಾ, ಬೇಸಿಗೆಯಲ್ಲಿ ಇಲ್ಲದ ಒರತೆ ಹೊಸದಾಗಿ ಬಂದಿದೆಯಾ ನೋಡಿ. ಒಂದಾದರೂ ಇದ್ದರೆ ಜೋರು ಮಳೆಯ ರಾತ್ರಿ ಅಲ್ಲಿ ಮಲಗಬೇಡಿ. ಮಳೆ ನೀರು ಬಟ್ಟಲಿಗೆ ಇಳಿಯದ ಹಾಗೆ ಮೇಲಿಂದಲೇ ಚರಂಡಿ ತಿರುಗಿಸಿ. ಇಂಗುಗುಂಡಿ ಮಾತ್ರ ಅಲ್ಲಿ ಬೇಡವೇ ಬೇಡ.

ಘಟ್ಟದ ಕೆಳಗಿನವ

ನಮ್ಮಲ್ಲಿ ಚಿರೆಕಲ್ಲು ತೆಗೆದ ಹಳೆಯ ಗುಂಡಿಗಳಿವೆ. ಅಲ್ಲೂ ದಂಡೆ ಕುಸಿಯುತ್ತದೆ ಮಾರಾಯ್ರೆ.

ಬಯಲುಸೀಮೆ

ಚಿರೆಕಲ್ಲು ಅಂದರೆ?

ಘಟ್ಟದ ಕೆಳಗಿನವ

ಕೆಂಪಗೆ ತೂತು ತೂತಾಗಿ ಇರುತ್ತದಲ್ಲ, ಮನೆ ಕಟ್ಟುವುದು. ಉಡುಪಿ, ಮಂಗಳೂರು ಕಡೆ ಮುರಕಲ್ಲು ಅಂತಾರೆ.

ಮೇಷ್ಟ್ರು ಹಾವೇರಿ

ಪಠ್ಯಪುಸ್ತಕದಲ್ಲಿ ಜಂಬಿಟ್ಟಿಗೆ ಅಂತಿದೆ. ಮಕ್ಕಳಿಗೆ ಆ ಪದ ಹೇಳಿದರೆ ಇಟ್ಟಿಗೆ ಅಂದುಕೊಳ್ಳುತ್ತಾರೆ. ಹಾಗೆ ನೋಡಿದರೆ ಬುಕನನ್ 1807ರಲ್ಲಿ ಕೇರಳದ ಅಂಗಾಡಿಪುರಂ ಕಲ್ಲಿಗೆ ಇಟ್ಟ ಲ್ಯಾಟರೈಟ್ ಅನ್ನುವ ಹೆಸರಿನ ಮೂಲವೂ ಲ್ಯಾಟಿನ್ನಿನ ಇಟ್ಟಿಗೆಯೇ. ಅಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ ಅಂತ.

ಪಾಟ್ಸ್‌ಡಾಮ್ ಕನ್ನಡಿಗ

ಚಿರೆಕಲ್ಲಿನ ಮಾತು ಬಂತಲ್ಲ, ಮೂಲ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಈ ಥರದ ಕಲ್ಲು, ಅದರ ಜೊತೆ ಮ್ಯಾಂಗನೀಸ್ ಅದಿರು, ಎರಡೂ ಲಕ್ಷಾಂತರ ವರ್ಷ ಬಿಸಿಲು ಮಳೆಗೆ ನೆಲ ಕೊಳೆತು ಆಗುವಂಥವು. ಕೆಲವು ಮ್ಯಾಂಗನೀಸ್ ಖನಿಜಗಳಲ್ಲಿ ಪೊಟ್ಯಾಸಿಯಂ ಇರುತ್ತದೆ. ಅದರಲ್ಲಿ ಸ್ವಲ್ಪ ನಿಧಾನವಾಗಿ ಆರ್ಗಾನ್ ಅನಿಲವಾಗಿ ಬದಲಾಗುತ್ತದೆ, ಎಷ್ಟು ಬದಲಾಗಿದೆ ಅಂತ ಅಳೆದು ವಯಸ್ಸು ತೆಗೆಯಬಹುದು. ಫ್ರಾನ್ಸಿನ ತಂಡವೊಂದು ಮೇಲೆ ಸಂಡೂರಿನಲ್ಲಿ, ಕೆಳಗೆ ಗೋವಾದಲ್ಲಿ ಇದನ್ನು ಮಾಡಿತು. ಕೆಳಗಿನ ಕರಾವಳಿ ನೆಲವೂ ಸುಮಾರು 4.5 ಕೋಟಿ ವರ್ಷದ ಹಿಂದೆಯೇ ಬಿಸಿಲಿಗೆ ಮೈಯೊಡ್ಡಿ ಕೊಳೆಯುತ್ತಿತ್ತು ಅಂತ ಗೊತ್ತಾಯಿತು. ಅಂದರೆ ಆಗಲೇ ಘಟ್ಟದ ಮೇಲೆ, ಘಟ್ಟದ ಕೆಳಗೆ ಅಂತ ಎರಡು ನೆಲ ಬೇರೆ ಬೇರೆಯಾಗಿದ್ದವು. ಘಟ್ಟ ನಿನ್ನೆ ಮೊನ್ನೆ ಎದ್ದದ್ದಲ್ಲ.

ಇನ್ನೊಂದು ಸಾಕ್ಷಿ ನಾನೇ ಕೈಯಾರೆ ಮಾಡುವ ಕೆಲಸ. ಹೊಳೆಯ ಮರಳಿನಲ್ಲಿ ಬೆಣಚುಕಲ್ಲಿನ ಹರಳು ಇರುತ್ತದೆ. ಆಕಾಶದಿಂದ ಬರುವ ಕಾಸ್ಮಿಕ್ ಕಿರಣ ಅದಕ್ಕೆ ಬಡಿದಾಗ ಬೆರಿಲಿಯಂ-10 ಅನ್ನುವ ಪರಮಾಣು ಹುಟ್ಟುತ್ತದೆ. ಒಂದು ಗ್ರಾಂ ಬೆಣಚಿನಲ್ಲಿ ವರ್ಷಕ್ಕೆ ಕೆಲವೇ ಪರಮಾಣು. ನೆಲ ನಿಧಾನ ಸವೆದರೆ ಹರಳು ಮೇಲ್ಮೈಯಲ್ಲಿ ಜಾಸ್ತಿ ಹೊತ್ತು ಇರುತ್ತದೆ, ಎಣಿಕೆ ಏರುತ್ತದೆ. ಬೇಗ ಸವೆದರೆ ಕಡಿಮೆ. ಹೀಗೆ ಅಳೆದಾಗ ದಕ್ಷಿಣದ ಪ್ರಸ್ಥಭೂಮಿಯಲ್ಲಿ ಸವೆತ ಹತ್ತು ಲಕ್ಷ ವರ್ಷಕ್ಕೆ ಹತ್ತು ಮೀಟರ್ ಆಸುಪಾಸು. ಲೆಕ್ಕ ಹಾಕಿ ನೋಡಿ, ನೂರು ವರ್ಷಕ್ಕೆ ಒಂದು ಮಿಲಿಮೀಟರ್. ಘಟ್ಟದ ಮುಖದಲ್ಲಿ ಅದರ ಹಲವು ಪಟ್ಟು. ಹಿಮಾಲಯದ ಕಡಿದಾದ ಭಾಗಗಳಲ್ಲಿ ವರ್ಷಕ್ಕೇ ಒಂದು ಮಿಲಿಮೀಟರ್, ಕೆಲವು ಕಡೆ ಜಾಸ್ತಿ. ನೆಲ ಜೋರಾಗಿ ಏಳುತ್ತಿದ್ದರೆ ಸವೆತ ಇಷ್ಟು ನಿಧಾನ ಇರುವುದಿಲ್ಲ.

ಕಲ್ಲು ಸುತ್ತಿಗೆ

ಘಟ್ಟದ ವಯಸ್ಸಿನ ಬಗ್ಗೆ ಒಪ್ಪುತ್ತೇನೆ. ಆದರೆ ನಿಧಾನ ಸವೆತ ಅಂದರೆ ಏರಿಕೆ ಇಲ್ಲ ಅಂತ ಆಗುವುದಿಲ್ಲ ತಮ್ಮಾ. ಕೆಳಗೆ ನೆಲ ಎದ್ದ ಸುದ್ದಿ, ಹೊಳೆಯ ಕೊರೆತವಾಗಿ, ಜಲಪಾತದ ಮೂಲಕ ಒಂದೊಂದೇ ಹೆಜ್ಜೆ ಮೇಲಕ್ಕೆ ಹೋಗಬೇಕು. ಜೋಗದ ಮೇಲಿನ ಶರಾವತಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲದಿರಬಹುದು. ಆಗ ಮೇಲೆ ನಿಧಾನ, ಕೆಳಗೆ ಜೋರು, ನೀವು ಹೇಳಿದ ಹಾಗೆಯೇ ಕಾಣುತ್ತದೆ.

ಪಾಟ್ಸ್‌ಡಾಮ್ ಕನ್ನಡಿಗ

ಸರ್, ಅದು ಹಿಂದೆ ಸರಿಯುವ ಹಳೆಯ ಅಂಚಿನಲ್ಲೂ ಹಾಗೆಯೇ ಕಾಣುತ್ತದೆ. ಎರಡನ್ನೂ ಬೇರೆ ಮಾಡಲು ಒಂದೇ ಹೊಳೆ ಸಾಲದು. ಉತ್ತರದಿಂದ ದಕ್ಷಿಣಕ್ಕೆ ಹಲವು ಹೊಳೆ ಬೇಕು.

ಹೊಳೆಸಾಲು

ಹಾಗಾದರೆ ನಾನು ಜೋಗದ ಮೇಲೆ ಒಂದು, ಕೆಳಗೆ ಒಂದು ಕಡೆ ಮರಳು ತೆಗೆದು ಶುರು ಮಾಡಲಾ? ಪ್ರೊಫೆಸರ್ ಕೂಡ ಮರಳಿನ ಬಗ್ಗೆ ಹೇಳಿದ್ದರು.

ಪಾಟ್ಸ್‌ಡಾಮ್ ಕನ್ನಡಿಗ

ಶರಾವತಿಯಲ್ಲಿ ಬೇಡ! 1964ರಿಂದ ಲಿಂಗನಮಕ್ಕಿ ಅಣೆಕಟ್ಟು ಮೇಲಿನ ಮರಳನ್ನು ಹಿಡಿದಿಟ್ಟುಕೊಂಡಿದೆ. ಕೆಳಗೆ ಸಿಗುವ ಮರಳು ಇಡೀ ಹೊಳೆಯದ್ದಲ್ಲ, ಕಣಿವೆಯದ್ದು ಮಾತ್ರ. ಲೆಕ್ಕ ತಪ್ಪುತ್ತದೆ. ಅಣೆಕಟ್ಟಿಲ್ಲದ ಹೊಳೆ ಹುಡುಕಿ.

ಘಟ್ಟದ ಕೆಳಗಿನವ

ಅಘನಾಶಿನಿ ಇದೆಯಲ್ಲ! ನಮ್ಮ ಹೊಳೆಗೆ ಒಂದೂ ಅಣೆಕಟ್ಟಿಲ್ಲ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುತ್ತದೆ.

ಹೊಳೆಸಾಲು

ನನ್ನ ಮನೆಯ ಹೊಳೆ ಅದು. ನನಗೆ ಯಾಕೆ ಹೊಳೆಯಲಿಲ್ಲ!

ಸಿವಿಲ್ ಶಿವು

ಜೋಗ ಭಾರತದಲ್ಲೇ ಎತ್ತರದ ಜಲಪಾತ, ಅದನ್ನು ಬಿಟ್ಟು ಉಂಚಳ್ಳಿಗೆ ಹೋಗುವುದಾ?

ಮೇಷ್ಟ್ರು ಹಾವೇರಿ

ಅಲ್ಲ ಶಿವು ಅವರೇ. ಮೇಘಾಲಯದ ನೊಹ್ಕಾಲಿಕಾಯ್ 340 ಮೀಟರ್ ಇದೆ. ಮಕ್ಕಳಿಗೂ ಇದೇ ತಪ್ಪು ಉತ್ತರ ಬಾಯಿಪಾಠ ಆಗಿದೆ, ತಿದ್ದಿ ಸಾಕಾಗಿದೆ.

ಪಾಟ್ಸ್‌ಡಾಮ್ ಕನ್ನಡಿಗ

@ಹೊಳೆಸಾಲು ಒಂದೊಂದು ಜಾಗದಿಂದ ಎರಡು ಕಿಲೋ ಮರಳು ತನ್ನಿ. ಹರಿಯುವ ನೀರಿನ ನಡುವಿನದು, ಕುಸಿದ ದಂಡೆಯದ್ದು ಬೇಡ. ಜರಡಿ ಹಿಡಿದು ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರಿನ ಕಾಳು ಇಟ್ಟುಕೊಳ್ಳಿ. ಆಮೇಲೆ ಆಸಿಡ್ಡಿನಲ್ಲಿ ಬೇರೆ ಖನಿಜ ಕರಗಿಸಿ ಬೆಣಚು ಮಾತ್ರ ಉಳಿಸಬೇಕು. ಅದು ಹೈಡ್ರೋಫ್ಲೋರಿಕ್ ಆಸಿಡ್, ಮೂಳೆಯವರೆಗೆ ಇಳಿಯುತ್ತದೆ. ತರಬೇತಿ ಇಲ್ಲದೆ ಒಬ್ಬರೇ ಮುಟ್ಟಬೇಡಿ. ಬೆರಿಲಿಯಂ-10 ಎಣಿಸಲು ಹೊರದೇಶಕ್ಕೆ ಕಳಿಸಬೇಕಿಲ್ಲ, ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರಿನಲ್ಲಿ ಆ ಯಂತ್ರ ಇದೆ. ಪ್ರೊಫೆಸರ್ ಮೂಲಕ ಅರ್ಜಿ ಹಾಕಿಸಿ. ಇನ್ನೊಂದು ಮಾತು, ನಿಮಗೆ ಸಿಗುವುದು ಈ ವರ್ಷದ ಸವೆತ ಅಲ್ಲ. ಅಷ್ಟು ನಿಧಾನದ ನೆಲದಲ್ಲಿ ಅದು ಸುಮಾರು 60,000 ವರ್ಷದ ಸರಾಸರಿ.

ಮೇಷ್ಟ್ರು ಹಾವೇರಿ

ನನ್ನ ಒಂಬತ್ತನೇ ತರಗತಿಯವರಿಗೆ ಆ ಟೋಪೋಶೀಟ್ ಗ್ರಾಫ್ ಮಾಡಿಸಬೇಕು ಅಂತ ಆಸೆಯಾಗಿದೆ. ವರದಾ ನದಿ ತೆಗೆದುಕೊಂಡರೆ ಮೆಟ್ಟಿಲು ಬರುತ್ತದಾ?

ಕಲ್ಲು ಸುತ್ತಿಗೆ

ವರದಾ ಪೂರ್ವಕ್ಕೆ ಹರಿಯುವವಳು, ಸಮಾಧಾನವಾಗಿ ಇಳಿಯುತ್ತಾಳೆ. ಅದಕ್ಕೇ ಮಾಡಿಸಿ. ಪಕ್ಕದಲ್ಲಿ ಶರಾವತಿ ಗ್ರಾಫ್ ಇಡಿ. ಒಂದೇ ಸೀಮೆಯ ಎರಡು ಹೊಳೆ, ಒಂದು ಹಾಗೆ, ಒಂದು ಹೀಗೆ. ಮಕ್ಕಳೇ ಯಾಕೆ ಅಂತ ಕೇಳುತ್ತಾರೆ. ಪಾಠ ಅಲ್ಲಿಂದ ಶುರು ಮಾಡಿ.

ಹೊಳೆಸಾಲು

ಸುದ್ದಿ ಹೇಳಲು ಬಂದೆ. ಪ್ರೊಫೆಸರಿಗೆ ಈ ಚರ್ಚೆ ತೋರಿಸಿದೆ. ಪೂರ್ತಿ ಓದಿದರು. ಬಯಲುಸೀಮೆಯವರ ಆಕ್ಷೇಪಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು, "ಪ್ರಾಜೆಕ್ಟಿನ ಮೊದಲ ಪುಟದಲ್ಲಿ ಇದನ್ನೇ ಬರಿ" ಅಂದರು. ಅಘನಾಶಿನಿಗೆ ಒಪ್ಪಿದ್ದಾರೆ. ಸಿಂಗಳೀಕಗಳ ಸಂರಕ್ಷಿತ ಕಾಡು ಅದು, ಅರಣ್ಯ ಇಲಾಖೆಯ ಅನುಮತಿ ಬಂದ ಮೇಲೆಯೇ ಮರಳು.

ಇನ್ನೊಂದು ಇದೆ. ಮನೆಯಲ್ಲಿ ಅಘನಾಶಿನಿಯ ಗ್ರಾಫ್ ಬಿಡಿಸುತ್ತಿದ್ದಾಗ ಅಪ್ಪ ಅಡಿಕೆ ಸುಲಿಯುವುದು ಬಿಟ್ಟು ಎದ್ದು ಬಂದರು. ನಮ್ಮ ಹಳ್ಳ ಹೊಳೆಗೆ ಸೇರುವ ಕಡೆ ಬೆರಳಿಟ್ಟು, "ಇಲ್ಲಿ ಎರಡು ಸಣ್ಣ ಅಬ್ಬಿ ಇದೆ, ನಿನ್ನ ಗೆರೆಯಲ್ಲಿ ಇಲ್ಲವಲ್ಲ" ಅಂದರು. ನಿಜ. ಟೋಪೋಶೀಟಿನಲ್ಲಿ ಕಾಂಟೂರ್ 20 ಮೀಟರಿಗೆ ಒಂದು. ಅದಕ್ಕಿಂತ ಗಿಡ್ಡ ಅಬ್ಬಿ ಕಾಣಿಸುವುದೇ ಇಲ್ಲ. ಅಪ್ಪ ಹೇಳಿದ ಅಬ್ಬಿಗಳನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದುಕೊಂಡೆ. ಹನ್ನೊಂದು ಆಯಿತು.

ಕಲ್ಲು ಸುತ್ತಿಗೆ

ಆ ಹಾಳೆ ಜೋಪಾನವಾಗಿ ಇಟ್ಟುಕೋ ಮಗಳೇ. ಪ್ರತಿ ಅಬ್ಬಿಯ ಬುಡದಲ್ಲಿ ಕಲ್ಲಿನ ಜಾತಿ ಬರೆದುಕೊ. ಹನ್ನೊಂದೂ ಒಂದೇ ಎತ್ತರದ ಸಾಲಿನಲ್ಲಿದ್ದರೆ ನನ್ನ ಮಾತಿಗೆ ಬಲ. ಕಲ್ಲು ಬದಲಾದಲ್ಲೆಲ್ಲ ಇದ್ದರೆ ಬಯಲುಸೀಮೆಯವರು ಗೆದ್ದರು.

ಬಯಲುಸೀಮೆ

ನಾನೂ ಬರಲಾ? ಚಿತ್ರದುರ್ಗದಿಂದ ರಾತ್ರಿ ಬಸ್ಸಿದೆ.

ಘಟ್ಟದ ಕೆಳಗಿನವ

ಬನ್ನಿ. ನಮ್ಮ ಮಾವನ ಮನೆ ಉಂಚಳ್ಳಿಯಿಂದ ಕೆಳಗಿನ ದಾರಿಯಲ್ಲೇ ಇದೆ, ಊಟ ಅಲ್ಲೇ ಆಗಲಿ. ದೀಪಾವಳಿ ಕಳೆದು ನೀರು ಇಳಿದ ಮೇಲೆ ಬನ್ನಿ, ಮೊದಲು ಬಂದರೆ ಬುಡಕ್ಕೆ ಇಳಿಯಲು ಆಗುವುದಿಲ್ಲ. ಉಂಬಳ ಆಗಲೂ ಇರುತ್ತವೆ. ಉಪ್ಪಿನ ಗಂಟು ಎಲ್ಲರೂ ತನ್ನಿ.